ಸಹಾಯ ಬೇಕು: ದನದ ಹಳೇ ಮೂಳೆಯಲ್ಲಿ ಕೊಲಾಜನ್ ಸಿಗ್ತಿಲ್ಲ

ನಮಸ್ಕಾರ. ದನ ಏನು ಮೇಯ್ತಿತ್ತು ಅಂತ ತಿಳಿಯೋಕೆ ಮೂಳೆಯ ಕೊಲಾಜನ್ (ಮೂಳೆಯ ಮುಖ್ಯ ಪ್ರೋಟೀನ್) ಬೇರ್ಪಡಿಸಿ, ಅದರ ಇಂಗಾಲ, ಸಾರಜನಕದ ಐಸೊಟೋಪ್ ನೋಡಬೇಕಿತ್ತು. ಬಳ್ಳಾರಿ ಕಡೆಯ ನವಶಿಲಾಯುಗದ ಬೂದಿದಿಬ್ಬದ (ಸುಟ್ಟ ಸಗಣಿಯ ದಿಬ್ಬ) ದನದ ಮೂಳೆ, 500 ಮಿಲಿಗ್ರಾಂ. ಖನಿಜ ಕರಗಿಸೋಕೆ 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 4 ಡಿಗ್ರಿ ಫ್ರಿಜ್‌ನಲ್ಲಿಟ್ಟೆವು. ಐದನೇ ದಿನಕ್ಕೆ ಮೂಳೆಯ ಆಕಾರವೇ ಹೋಗಿ ತಳದಲ್ಲಿ ಕಂದು ರಾಡಿ. ಕೊಲಾಜನ್ ಕರಗಿಸೋಕೆ ಪಿಎಚ್ 3ರ ನೀರಲ್ಲಿ 70 ಡಿಗ್ರಿಗೆ 48 ಗಂಟೆ ಇಟ್ಟು, ಸೋಸಿ ಒಣಗಿಸಿದರೆ ಇಳುವರಿ 0.4%. ಇಂಗಾಲ–ಸಾರಜನಕದ ಪರಮಾಣು ಅನುಪಾತ 4.1; ಒಳ್ಳೆ ಕೊಲಾಜನ್‌ಗೆ ಇರಬೇಕಾದ್ದು 2.9ರಿಂದ 3.6. ಮಣ್ಣಿನ ಹ್ಯೂಮಿಕ್ ಆಮ್ಲ (ಕೊಳೆತ ಗಿಡಗಳಿಂದ ಬರೋ ಕಂದು ವಸ್ತು) ಸೇರಿರೋ ಹಾಗಿದೆ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದರೆ ಅದು ಹೋಗುತ್ತೆ, ಜೊತೆಗೆ ಇರೋ ಚೂರು ಕೊಲಾಜನ್ನೂ ಹೋದರೆ?

ಮೂಳೆ ಬಿಟ್ಟು ಮೂರನೇ ದವಡೆಹಲ್ಲಿನ ಎನಾಮಲ್‌ಗೆ (ಹಲ್ಲಿನ ಗಟ್ಟಿ ಹೊರಪದರ) ಹೋಗೋಣ ಅಂತಿದೀವಿ. ಸಾರಜನಕದ ಮಾಹಿತಿ ಸಿಗಲ್ಲ, ಆದರೆ ಸಿ4 ಹುಲ್ಲು (ಜೋಳ, ರಾಗಿ ಥರದ ಬಿಸಿಲುನಾಡಿನ ಹುಲ್ಲು) ಮೇದದ್ದಂತೂ ಇಂಗಾಲದ ಐಸೊಟೋಪ್‌ನಲ್ಲಿ ಕಾಣುತ್ತೆ. ಹೊರಗಿನಿಂದ ಸೇರಿದ ಕಾರ್ಬೊನೇಟ್ ತೆಗೆಯೋಕೆ 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಎನಾಮಲ್ ಪುಡಿಯನ್ನ ಎಷ್ಟು ಹೊತ್ತು ಬಿಡ್ತೀರಿ? ಬಿಸಿಲುಸೀಮೆಯ ಮಾದರಿ ಮಾಡಿದವರು ದಯವಿಟ್ಟು ತಿಳಿಸಿ.