ಸ್ಕೂಟರ್ ಬ್ಯಾಟರಿ ರಾತ್ರಿ ಮನೆಯೊಳಗೆ ಚಾರ್ಜ್‌ಗೆ ಹಾಕಬಹುದಾ? ಅನುಭವ ಇದ್ದವರು ಹೇಳಿ

ಮೂರನೇ_ಮಹಡಿ:
ವಿಜಯನಗರದಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬ್ಯಾಟರಿ ಬಿಚ್ಚಿ ಮೇಲೆ ತರುವ ಸ್ಕೂಟರ್. ಬೇಸ್‌ಮೆಂಟಿನಲ್ಲಿ ಪಾಯಿಂಟ್ ಕೊಡಲು ಅಸೋಸಿಯೇಷನ್ ಒಪ್ಪುತ್ತಿಲ್ಲ. ಹಾಲ್‌ನಲ್ಲಿ ಮುಂಬಾಗಿಲ ಪಕ್ಕ ರಾತ್ರಿ ಚಾರ್ಜ್‌ಗೆ ಹಾಕುತ್ತೇವೆ. ಅತ್ತೆಗೆ ಭಯ, ಬಾಲ್ಕನಿಯಲ್ಲಿ ಹಾಕು ಅನ್ನುತ್ತಾರೆ. ಅಲ್ಲಿ ಮಧ್ಯಾಹ್ನವಿಡೀ ಬಿಸಿಲು. ನೀವೆಲ್ಲ ಎಲ್ಲಿ ಇಡುತ್ತೀರಿ?

ಅರಸೀಕೆರೆ_ಎಕ್ಸ್‌ಪ್ರೆಸ್:
ಜಾಗ ಆಮೇಲೆ, ಮೊದಲು ಚಾರ್ಜರ್ ನೋಡಿ. ನನ್ನ ಒರಿಜಿನಲ್ ಚಾರ್ಜರ್ ಕೆಟ್ಟಿತು. ಶೋರೂಮಿನವರು ₹6,800 ಹೇಳಿ, ಒಂದೂವರೆ ತಿಂಗಳು ಕಾಯಿರಿ ಅಂದರು. ಅಲ್ಲಿವರೆಗೆ ಆಫೀಸಿಗೆ ಹಾರಿಕೊಂಡು ಹೋಗಲಾ? ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ₹2,200ಕ್ಕೆ ತಂದೆ. ಡಬ್ಬದ ಮೇಲೆ 48 ವೋಲ್ಟ್ ಅಂತಲೇ ಇತ್ತು, ಪಿನ್ನೂ ಸರಿಯಾಗಿ ಕೂತಿತು. ಆಮೇಲೆ ಮೀಟರ್ ಹಿಡಿದರೆ 58.4! ಅದು 16 ಸೆಲ್‌ನ ಎಲ್‌ಎಫ್‌ಪಿಗೆ (ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗೆ) ಮಾಡಿದ ಚಾರ್ಜರ್. ನನ್ನದು 13 ಸೆಲ್‌ನ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಲಿಥಿಯಂ ಬ್ಯಾಟರಿ), 54.6 ವೋಲ್ಟ್‌ಗೆ ನಿಲ್ಲಬೇಕು. ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ಕರೆಂಟ್ ಕಟ್ ಮಾಡಬೇಕಿತ್ತು, ಮಾಡಲಿಲ್ಲ. ಒಳಗಿನ ಚೀಲದಂಥ ಪೌಚ್ ಸೆಲ್ ಉಬ್ಬಿ ಕೇಸಿನ ಎರಡು ಸ್ಕ್ರೂ ಎದ್ದು ಬಂದಿದ್ದವು. ಹೊರಗಿನ ಚಾರ್ಜರ್ ಅಂತ ವಾರಂಟಿಯೂ ಹೋಯ್ತು. ಹೊಸ ಬ್ಯಾಟರಿ ₹31,000, ಜಿಎಸ್‌ಟಿ ಬೇರೆ. ಉಬ್ಬಿದ್ದನ್ನು ಕೊರಿಯರ್‌ನವರು ಮುಟ್ಟಲಿಲ್ಲ, ಗೂಡ್ಸ್ ಆಟೋಗೆ ₹850. ಗುಜರಿಯವನು ಕೊಟ್ಟಿದ್ದು ಸೊನ್ನೆ.

ಕಬ್ಬಿಣ_ಫಾಸ್ಫೇಟ್:
ಇದಕ್ಕೇ ನಾನು ಎಲ್‌ಎಫ್‌ಪಿ ತಗೊಂಡಿದ್ದು. ₹9,000 ಜಾಸ್ತಿ ಆಯ್ತು, ಬ್ಯಾಟರಿ ನಾಲ್ಕು ಕೆಜಿ ಜಾಸ್ತಿ ಭಾರ, ಹೆಂಡತಿ ಇವತ್ತಿಗೂ ಬೈಯುತ್ತಾಳೆ. ಆದರೆ ಎನ್‌ಎಂಸಿಗಿಂತ ಜಾಸ್ತಿ ಬಿಸಿ ತಡೆಯುತ್ತದೆ, ನನಗೆ ನಿಶ್ಚಿಂತೆ. ಏಪ್ರಿಲ್ ಬಿಸಿಲಲ್ಲಿ ಸಿಲ್ಕ್ ಬೋರ್ಡ್ ದಾಟಿ ಬಂದವರು ಸೀದಾ ಪ್ಲಗ್ಗಿಗೆ ಚುಚ್ಚುತ್ತಾರೆ. ಅರ್ಧ ಗಂಟೆ ಆರಲು ಬಿಟ್ಟರೆ ಗಂಟೇನು ಹೋಗುತ್ತೆ? ನಾನು ಸಂಜೆ ಎದುರಿಗೇ ಕೂತು ಚಾರ್ಜ್ ಮಾಡುತ್ತೇನೆ, ಮಲಗುವ ಮುಂಚೆ ತೆಗೆಯುತ್ತೇನೆ.

ಅರಸೀಕೆರೆ_ಎಕ್ಸ್‌ಪ್ರೆಸ್:
ಅಷ್ಟು ನಿಶ್ಚಿಂತೆ ಇದ್ದರೆ ಮಲಗುವ ಮುಂಚೆ ಯಾಕೆ ತೆಗೆಯುತ್ತೀರಿ ಸ್ವಾಮಿ? ಎಲ್‌ಎಫ್‌ಪಿ ಸೆಲ್ ಕೆಟ್ಟರೂ ಹೊತ್ತಿಕೊಳ್ಳುವ ಗ್ಯಾಸ್ ಬಿಡುತ್ತದೆ. ಮುಚ್ಚಿದ ರೂಮಿನಲ್ಲಿ ಒಂದು ಕಿಡಿ ಸಾಕು.

ಕಬ್ಬಿಣ_ಫಾಸ್ಫೇಟ್:
ವೋಲ್ಟೇಜ್ ನೋಡದೆ ಚುಚ್ಚಿದವರು ನಮಗೆ ಪಾಠ ಹೇಳಬೇಡಿ.

ಅರಸೀಕೆರೆ_ಎಕ್ಸ್‌ಪ್ರೆಸ್:
ಡಬ್ಬದ ಮೇಲೆ 48 ಅಂತ ಬರೆದಿತ್ತು ಅಂದೆನಲ್ಲ! ಓದೋಕೆ ಬರಲ್ವಾ?

ಗಿರಿನಗರ_ಗೃಹಸ್ಥ:
ಇಬ್ಬರೂ ಸುಮ್ನಿರಿ. ನಮ್ಮ ಮನೆಯಲ್ಲಿ ಬ್ಯಾಟರಿಗೆ ಏನೂ ಆಗಲಿಲ್ಲ, ಸುಟ್ಟಿದ್ದು ಎಕ್ಸ್‌ಟೆನ್ಶನ್ ಬಾಕ್ಸ್. ಮಗಳು ಅದೇ ಬಾಕ್ಸಿಗೆ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದ್ದಳು. ಪ್ಲಗ್ ಎಳೆದರೆ ಒಂದು ಪಿನ್ ಕಪ್ಪಾಗಿದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಸಾಕೆಟ್ಟಿಗೇ ಅಂಟಿದೆ. ಈಗ ಮೈನ್ ಬೋರ್ಡಿನಿಂದ ಬೇರೆ ಲೈನ್, 16 ಆಂಪ್ ಸಾಕೆಟ್, ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್). ಬೇಕಿದ್ದದ್ದು 18 ಮೀಟರ್ ವೈರ್. ಎಲೆಕ್ಟ್ರಿಷಿಯನ್ ತರಿಸಿದ್ದು ಕೆಂಪು, ಕಪ್ಪು, ಹಸಿರು, ಮೂರೂ 90 ಮೀಟರ್ ಕಾಯಿಲ್! 2.5 ಸ್ಕ್ವೇರ್ ಎಂಎಂ, ಒಂದಕ್ಕೆ ₹2,900. ಕೂಲಿ ₹1,800. ಗೋಡೆ ಕೊರೆದ ಕಡೆ ಬಣ್ಣಕ್ಕೆ ₹1,200. ಉಳಿದ ವೈರ್ ಅಟ್ಟದ ಮೇಲೆ ಬಿದ್ದಿದೆ.

ಕ್ವೀನ್ಸ್_ಕನ್ನಡತಿ:
ಮುಂಬಾಗಿಲ ಪಕ್ಕ ಮಾತ್ರ ಬೇಡಮ್ಮಾ. ಹೊತ್ತಿಕೊಂಡರೆ ನೀವು ಓಡಬೇಕಾದ ದಾರಿ ಅದೇ. ಇಲ್ಲಿ ನ್ಯೂಯಾರ್ಕ್‌ನಲ್ಲಿ 2023ರಲ್ಲಿ ಲಿಥಿಯಂ ಬ್ಯಾಟರಿ ಬೆಂಕಿಗೆ 18 ಜನ ಸತ್ತರು. ಆ ಸೆಪ್ಟೆಂಬರ್‌ನಿಂದ ಯುಎಲ್ ಅನ್ನುವ ಸುರಕ್ಷತಾ ಮಾನದಂಡಕ್ಕೆ ಒಪ್ಪದ ಇ-ಬೈಕ್, ಬ್ಯಾಟರಿ ಮಾರುವ ಹಾಗಿಲ್ಲ. ನಮ್ಮ ಬಿಲ್ಡಿಂಗಿನಲ್ಲಂತೂ ಒಳಗೆ ತರುವುದೇ ನಿಷೇಧ. ನನ್ನ ಇ-ಬೈಕ್ ಅರ್ಧ ಬೆಲೆಗೆ ಹೋಯ್ತು, ಇನ್ನೂ ಹೊಟ್ಟೆ ಉರಿಯುತ್ತೆ.

ಕಬ್ಬಿಣ_ಫಾಸ್ಫೇಟ್:
ಅಮೆರಿಕದ ಪ್ರವಚನ ಶುರುವಾಯ್ತಾ? ನಮ್ಮಲ್ಲೂ ಎಐಎಸ್ 156 ಅನ್ನುವ ಬ್ಯಾಟರಿ ಸುರಕ್ಷತಾ ನಿಯಮ ಇದೆ ಮೇಡಂ. 2022ರ ಬೇಸಿಗೆಯ ಸ್ಕೂಟರ್ ಬೆಂಕಿಗಳಾದ ಮೇಲೆ ಬಿಗಿ ಮಾಡಿದರು.

ಕ್ವೀನ್ಸ್_ಕನ್ನಡತಿ:
ಇದ್ದರೆ ಸಂತೋಷ. ಪ್ರಶ್ನೆ ಕೇಳಿದವರ ಬ್ಯಾಟರಿ ಅದಕ್ಕಿಂತ ಹಳೆಯದಾ ಅಂತ ಕೇಳಿದಿರಾ? ಇಲ್ಲ ತಾನೇ?

ಕಾರ್ಯದರ್ಶಿ_ಬಿ_ಬ್ಲಾಕ್:
ಅಸೋಸಿಯೇಷನ್ ಅಂದರೆ ಎಲ್ಲರಿಗೂ ಸಿಟ್ಟು. ನಮ್ಮ ಬೇಸ್‌ಮೆಂಟಿಗೆ ಇರುವುದು ಒಂದೇ ಇಳಿಜಾರು ದಾರಿ. ಹೊಗೆ ತುಂಬಿದರೆ ಮೆಟ್ಟಿಲ ಮೇಲೇ ಬರುತ್ತದೆ. ಜೊತೆಗೆ ಕಾಮನ್ ಮೀಟರ್‌ನಿಂದ ಕರೆಂಟ್ ಎಳೆದುಕೊಂಡು, ದುಡ್ಡು ಕೇಳಿದರೆ ‘ಎರಡೇ ಯೂನಿಟ್ ಅಲ್ವಾ’ ಅನ್ನುತ್ತಾರೆ. ಕೊನೆಗೆ ನಾವು ಕಾಂಪೌಂಡ್ ಪಕ್ಕ ಶೀಟ್ ಹಾಕಿಸಿ ಸಬ್‌ಮೀಟರ್ ಇಟ್ಟೆವು. ₹64,000, ಎರಡು ಒಣಪುಡಿ ಸಿಲಿಂಡರ್ ಸೇರಿ. ಮೂರು ಮನೆಯವರು ಪಾಲು ಇನ್ನೂ ಕೊಟ್ಟಿಲ್ಲ.

ಗಿರಿನಗರ_ಗೃಹಸ್ಥ:
ಪುಡಿ ಹಾಕಿದರೆ ಜ್ವಾಲೆ ಆರುತ್ತದೆ, ಒಳಗಿನ ಬಿಸಿ ಇಳಿಯಲ್ಲ. ಮತ್ತೆ ಹೊತ್ತಿಕೊಳ್ಳುತ್ತದೆ. ಲಿಥಿಯಂ ಪ್ಯಾಕ್ ತಣ್ಣಗಾಗಲು ಧಾರಾಳ ನೀರು ಬೇಕು.

ಕಾರ್ಯದರ್ಶಿ_ಬಿ_ಬ್ಲಾಕ್:
ಕರೆಂಟ್ ಇರುವ ಕಡೆ ನೀರು ಸುರಿ ಅಂತೀರಲ್ಲ, ಚೆನ್ನಾಗಿದೆ!

ಗಿರಿನಗರ_ಗೃಹಸ್ಥ:
ನೀವು ಸುರಿಯಿರಿ ಅಂದೆನಾ? ಮೈನ್ ಆಫ್ ಮಾಡಲು ಆದರೆ ಮಾಡಿ, ಎಲ್ಲರನ್ನೂ ಹೊರಗೆ ಕರೆತಂದು 101ಕ್ಕೆ ಫೋನ್ ಮಾಡಿ. ಅಂದಹಾಗೆ ನಿಮ್ಮ ಬ್ಲಾಕಿನ ಯುಪಿಎಸ್ ಎಲ್ಲಿದೆ?

ಕಾರ್ಯದರ್ಶಿ_ಬಿ_ಬ್ಲಾಕ್:
ಮೆಟ್ಟಿಲ ಕೆಳಗೆ, ರದ್ದಿ ಪೇಪರ್ ಪಕ್ಕ. ಅದು ಹಳೇ ಲೆಡ್ ಆಸಿಡ್, ಏನೂ ಆಗಲ್ಲ.

ಗಿರಿನಗರ_ಗೃಹಸ್ಥ:
ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತೆ! ರದ್ದಿ ಪೇಪರ್ ಪಕ್ಕ ಇಟ್ಟುಕೊಂಡು ಬೇಸ್‌ಮೆಂಟ್ ಬಗ್ಗೆ ಭಾಷಣ ಮಾಡ್ತೀರಾ?

ಅರಸೀಕೆರೆ_ಎಕ್ಸ್‌ಪ್ರೆಸ್:
ಗಿರಿನಗರದವರೇ, ಉಳಿದ ಹಸಿರು ವೈರ್ ಕೊಡುತ್ತೀರಾ? ನಮ್ಮಲ್ಲಿ ಅರ್ಥಿಂಗ್ ಹೊಸದಾಗಿ ಎಳೆಸಬೇಕು. ಮೀಟರಿಗೆ 20 ಕೊಡುತ್ತೇನೆ.

ಗಿರಿನಗರ_ಗೃಹಸ್ಥ:
32. ಬಿಲ್ ಇದೆ.

ಅರಸೀಕೆರೆ_ಎಕ್ಸ್‌ಪ್ರೆಸ್:
ಅಟ್ಟದ ಮೇಲೆ ಬಿದ್ದಿರುವ ವೈರಿಗೆ ಫುಲ್ ರೇಟಾ?

ಗಿರಿನಗರ_ಗೃಹಸ್ಥ:
ಬೇಡ ಅಂದ್ರೆ ಬಿಡಿ. ಎಸ್.ಪಿ. ರೋಡಿನಲ್ಲೇ ತಗೊಳ್ಳಿ, ಡಬ್ಬದ ಮೇಲೆ ಬರೆದಿರುತ್ತೆ.