ಸಹಾಯ ಬೇಕು: 28 ಮಿ.ಮೀ. ಗೊಂಬೆಗೆ ಪೇಟ ಸುತ್ತೋದು ಹೇಗೆ? (ತುಮಕೂರು)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಆಡೋ ಯುದ್ಧದಾಟಕ್ಕೆ ಅಂತ ಯುರೋಪಿನ ಮಧ್ಯಯುಗದ 12 ಪ್ಲಾಸ್ಟಿಕ್ ಈಟಿಗಾರ ಗೊಂಬೆಗಳನ್ನು ಮಧುಗಿರಿ ಪಾಳೆಯಗಾರರ ಕಾಲಾಳುಗಳಾಗಿ ಬದಲಿಸೋ ಕೆಲಸ ನಡೀತಿದೆ. ಈಟಿಗೆ ಹಿತ್ತಾಳೆ ತಂತಿ ಚೆನ್ನಾಗೇ ಕೂತಿದೆ, ತೊಡಕಿರೋದು ತಲೆಯ ಹತ್ತಿರ.

ಶಿರಸ್ತ್ರಾಣವನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿ, 400 ನಂಬರ್ ಎಮರಿ ಪೇಪರ್‌ನಲ್ಲಿ ಉಜ್ಜಿ, ಹಾರ್ಡ್‌ವೇರ್ ಅಂಗಡಿಯ ಎಪಾಕ್ಸಿ ಪುಟ್ಟಿಯನ್ನು ಶಾವಿಗೆ ಎಳೆಯಷ್ಟು ಸಣ್ಣಗೆ ಹೊಸೆದು ಸುತ್ತುತ್ತಿದ್ದೇನೆ. ಎರಡನೇ ಸುತ್ತಿಗೇ ಅದು ಬಿಗಿದುಬಿಡುತ್ತೆ. ಆಮೇಲೆ ಸೂಜಿಯಲ್ಲಿ ಮಡಿಕೆ ಗೀರಿದರೆ ಅಂಚು ಪುಡಿಪುಡಿಯಾಗಿ ಏಳುತ್ತೆ. ಪೈಪ್ ಸೋರಿಕೆ ಮುಚ್ಚೋಕೆ ಅಂತಲೇ ಬೇಗ ಗಟ್ಟಿಯಾಗೋ ಪುಟ್ಟಿ ಅದು, ಈ ಕೆಲಸಕ್ಕೆ ಒಗ್ಗಲ್ಲ. ಗ್ರೀನ್ ಸ್ಟಫ್ (ಗೊಂಬೆ ಮಾಡೋರು ಬಳಸೋ ಎಪಾಕ್ಸಿ ಪುಟ್ಟಿ) ಥರ ಗಂಟೆಗೂ ಮೀರಿ ಮೆತ್ತಗಿರೋ ಪುಟ್ಟಿ ಚಿಕ್ಕಪೇಟೆ, ಮಂಡಿಪೇಟೆ ಕಡೆ ಎಲ್ಲಾದರೂ ಸಿಗುತ್ತಾ? ಬೆರಳಿಗೆ ಅಂಟದಂತೆ ನೀರು ಸವರೋದು ಸರಿಯೋ, ವ್ಯಾಸಲೀನೋ? ವ್ಯಾಸಲೀನ್ ಉಳಿದರೆ ಬಣ್ಣ ಹಿಡಿಯಲ್ಲ ಅನ್ನೋ ಭಯ ಇದೆ.

ಇನ್ನೊಂದು: ನಾಲ್ಕು ತಲೆ ರೆಸಿನ್‌ನವು (ಅಚ್ಚಿಗೆ ಸುರಿದು ಗಟ್ಟಿ ಮಾಡೋ ರಾಳ). ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು ಮೈಯ ಪ್ಲಾಸ್ಟಿಕ್ಕನ್ನು (ಪಾಲಿಸ್ಟೈರೀನ್) ಕರಗಿಸಿ ಬೆಸೆಯುತ್ತೆ, ರೆಸಿನ್ ಕರಗಲ್ಲ. ಹಾಗಾಗಿ ಸೂಪರ್ ಗ್ಲೂ ಹಾಕಿದೆ. ಆಡುವಾಗ ಸ್ವಲ್ಪ ತಗುಲಿದರೂ ಕುತ್ತಿಗೆ ಕಳಚುತ್ತೆ. ತಲೆ ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ 0.8 ಮಿ.ಮೀ. ತಂತಿ ಕೂರಿಸೋಕೆ 1 ಮಿ.ಮೀ. ತೂತು ಕೊರೆದರೆ, ಸುಮಾರು 3 ಮಿ.ಮೀ. ದಪ್ಪದ ಕುತ್ತಿಗೆ ಮೇಲೆ ಡ್ರಿಲ್ ಬಿಟ್ ಪಕ್ಕಕ್ಕೆ ಜಾರುತ್ತೆ. ಸೂಜಿಯಲ್ಲಿ ಗುಳಿ ಮಾಡಿಕೊಂಡರೂ ಅಷ್ಟೇ. ತಲೆಯ ತೂತು, ಮೈಯ ತೂತು ಎರಡೂ ನೇರ ಬರೋ ಹಾಗೆ ಗುರುತು ಹಾಕೋದು ಹೇಗೆ? ಅಕ್ಕಸಾಲಿಗರು ಬಳಸೋ ಕೈ ಡ್ರಿಲ್ ಇದಕ್ಕೆ ಆಗುತ್ತಾ? ಮಾಡಿ ನೋಡಿದವರು ದಯವಿಟ್ಟು ಬಿಟ್ ಅಳತೆ ಸಮೇತ ತಿಳಿಸಿ.