ಟಿವಿಯಲ್ಲಿ ಎಂಎಂಎ ನೋಡುವ ಮಗ ಕಾಟಾ ಬೇಡವೆನ್ನುತ್ತಾನೆ, ಏನು ಹೇಳಲಿ?

ಪ್ರಶ್ನೆ: ಡೊಂಬಿವಲಿಯಿಂದ ಒಬ್ಬ ತಂದೆ

ನಮಸ್ಕಾರ. ನಾವು ಮೂಲತಃ ಕುಂದಾಪುರದ ಕಡೆಯವರು. ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷಗಳಾದವು. ಹದಿಮೂರು ವರ್ಷದ ಮಗ ನಾಲ್ಕು ವರ್ಷಗಳಿಂದ ಮನೆಯ ಹತ್ತಿರದ ಕರಾಟೆ ತರಗತಿಗೆ ಹೋಗುತ್ತಿದ್ದು, ಈಗ ಬ್ರೌನ್ ಬೆಲ್ಟಿನವರೆಗೆ ಬಂದಿದ್ದಾನೆ. ಟಿವಿಯಲ್ಲಿ ಯುಎಫ್‌ಸಿ ಎಂಬ ಸಂಸ್ಥೆ ಜಾಲರಿಯ ಪಂಜರದಲ್ಲಿ ನಡೆಸುವ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಕಾಳಗ) ಪಂದ್ಯಗಳನ್ನು ನೋಡತೊಡಗಿದ ಮೇಲೆ ಅವನ ವರಸೆ ಬದಲಾಗಿದೆ. ಕಾಟಾ (ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡುವ ಹೊಡೆತ–ತಡೆಗಳ ಅಭ್ಯಾಸ) ಎಂದರೆ ಗಾಳಿಯ ಜೊತೆ ಜಗಳ, ಆ ಪಂಜರದೊಳಗೆ ಯಾರೂ ಒಂದು ಮುಷ್ಟಿಯನ್ನು ಸೊಂಟದ ಬಳಿ ಇಟ್ಟುಕೊಂಡು ನಿಲ್ಲುವುದಿಲ್ಲ ಎಂಬುದು ಅವನ ವಾದ. ತರಗತಿಯಲ್ಲಿ ಕೇಳಿದ್ದಕ್ಕೆ, ‘ನಮ್ಮ ವಿದ್ಯೆ ಅಪಾಯಕಾರಿ, ಅದನ್ನು ಆಟದಲ್ಲಿ ಬಳಸುವಂತಿಲ್ಲ’ ಎಂದರಂತೆ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆಯ ಶುಲ್ಕ ಕಟ್ಟುತ್ತ ಬಂದ ನನಗೆ ಆ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಹುಡುಗನ ಮಾತಿನಲ್ಲಿ ಹುರುಳಿದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಪುಣೆಯಿಂದ, ಊರು ಬೆಳಗಾವಿ ಕಡೆ

ನಾನು ಹದಿನೈದರಿಂದ ಇಪ್ಪತ್ತೆರಡರ ವಯಸ್ಸಿನವರೆಗೆ ಪುಣೆಯ ಹಳೆಯ ಪೇಟೆಯ ಒಂದು ತಾಲೀಮಿನಲ್ಲಿ (ಗರಡಿಮನೆಯಲ್ಲಿ) ಕುಸ್ತಿ ಆಡಿದವನು. ಇದನ್ನು ಟಿವಿಗೂ ಸಂಪ್ರದಾಯಕ್ಕೂ ನಡುವಿನ ತಂಟೆ ಎಂದುಕೊಂಡರೆ ಉತ್ತರ ಸಿಗಲಾರದು. ಮಣಿಯಲು ಒಪ್ಪದ ಎದುರಾಳಿಯ ಜೊತೆ ನಿಮ್ಮ ಮಗ ವಾರಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡುತ್ತಾನೆ ಎಂದು ಕೇಳಿ ನೋಡಿ. ನಮ್ಮಲ್ಲಿ ನಸುಕಿನ ಐದಕ್ಕೆ ಮಟ್ಟಿಯ (ಕುಸ್ತಿ ಕಣದ) ಮಣ್ಣನ್ನು ಅಗೆದು ಹದ ಮಾಡಿ, ದಂಡ–ಬಸ್ಕಿ ಮುಗಿಸಿ ಜೋಡಿ ಹಿಡಿದರೆ, ವಸ್ತಾದರು (ಗುರುಗಳು) ಸಾಕೆನ್ನುವವರೆಗೂ ಬಿಡುವಿರಲಿಲ್ಲ. ಕಲಿತ ಪಟ್ಟು ಎದುರಿನವನ ಮೇಲೆ ನಡೆಯದಿದ್ದರೆ ಅದು ಅಲ್ಲೇ ಗೊತ್ತಾಗುತ್ತಿತ್ತು, ಅದನ್ನು ತಿಳಿಸಲು ಪರೀಕ್ಷಕರು ಬೇಕಿರಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ್ ಇಂಥದೇ ಮಣ್ಣಿನಿಂದ ಮ್ಯಾಟಿಗೆ ಹೋದವರು. ಸಂಪ್ರದಾಯವೆಂದರೆ ಮೆತ್ತಗಿನದೆಂದು ತಿಳಿದವರು ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಬೇಕು. ಜಟ್ಟಿಯೊಬ್ಬನ ತಲೆಯಿಂದ ರಕ್ತ ಚಿಮ್ಮಿದ ಮೇಲೆಯೇ ಅದು ನಿಲ್ಲುವುದು.

ಆದರೆ ಕುಸ್ತಿಗೂ ಕಾಣದ ಮೂಲೆಗಳಿವೆ, ಅದನ್ನೂ ಹೇಳಿಬಿಡುತ್ತೇನೆ. ಮೂವತ್ತು ದಾಟಿದ ಮೇಲೆ ಕುತೂಹಲಕ್ಕೆ ಕೋಥರೂಡಿನ ಒಂದು ಜಿಮ್ಮಿಗೆ ಹೋಗಿ, ನೆಲದ ಮೇಲಿನ ಹಿಡಿತಗಳ ವಿದ್ಯೆಯಾದ ಜಿಯು-ಜಿತ್ಸು ಕಲಿಯುತ್ತಿದ್ದ ಒಬ್ಬ ಸಣಕಲು ಹುಡುಗನ ಜೊತೆ ಹಿಡಿದೆ. ಮೊದಲ ಹಿಡಿತಕ್ಕೇ ಅವನನ್ನು ಬೆನ್ನ ಮೇಲೆ ಕೆಡವಿದೆ. ನಮ್ಮ ಲೆಕ್ಕದಲ್ಲಿ ಅದು ಚಿತ್, ಕುಸ್ತಿ ಮುಗಿಯಿತು. ಅವನಾದರೋ ಮಲಗಿದಲ್ಲಿಯೇ ನನ್ನ ಸೊಂಟಕ್ಕೆ ಎರಡೂ ಕಾಲು ಸುತ್ತಿ ನಿರಾಳವಾಗಿ ನನ್ನ ತೋಳನ್ನು ಹುಡುಕತೊಡಗಿದ. ಸ್ವಲ್ಪ ಹೊತ್ತಿನಲ್ಲಿ ನಾನು ಕೆಳಗಾದೆ. ಬೆನ್ನಿಗೆ ಮಣ್ಣು ಹತ್ತಬಾರದೆಂಬ ಏಳು ವರ್ಷದ ಅಭ್ಯಾಸ ನನ್ನನ್ನು ಕೇಳದೆಯೇ ಮೈಯನ್ನು ಬೋರಲು ತಿರುಗಿಸಿತು, ಅವನು ಬೆನ್ನೇರಿದ, ಅವನ ಮುಂಗೈ ನನ್ನ ಗದ್ದದ ಕೆಳಗೆ ನುಸುಳಿತು, ಸೋತೆನೆಂದು ನಾನು ಮ್ಯಾಟ್ ತಟ್ಟಿದೆ. ಮಟ್ಟಿಯಲ್ಲಿ ಎಷ್ಟೋ ಸಲ ನನ್ನನ್ನು ಉಳಿಸಿದ್ದ ಅದೇ ಹೊರಳು ಇಲ್ಲಿ ನನ್ನ ಕುತ್ತಿಗೆಯನ್ನು ಅವನ ಕೈಗೆ ಒಪ್ಪಿಸಿತ್ತು.

ಉತ್ತರ: ಮಡಗಾಂವ್‌ನಿಂದ

ಪುಣೆಯವರು ತಟ್ಟಿದ ಆ ಹಿಡಿತಕ್ಕೆ ಟಿವಿಯವರು ರಿಯರ್ ನೇಕೆಡ್ ಚೋಕ್ ಎನ್ನುತ್ತಾರೆ. ಜೂಡೋದಲ್ಲಿ ಅದರ ಹೆಸರು ಹಡಕಾ-ಜಿಮೆ. ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಅದುಮುವುದರಿಂದ, ಸರಿಯಾಗಿ ಕೂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಇಷ್ಟು ಅಪಾಯದ ಪಟ್ಟನ್ನೂ ನಾವು ವಾರಕ್ಕೆ ಮೂರು ದಿನ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತೇವೆ, ಏಕೆಂದರೆ ತಟ್ಟಿದ ಕೂಡಲೇ ಬಿಡುವ ಕಟ್ಟಳೆ ಇದೆ.

ಡೊಂಬಿವಲಿಯವರೇ, ನಿಮ್ಮ ಗುರುಗಳ ಮಾತಿಗೆ ಉತ್ತರ ಜೂಡೋದ ಹುಟ್ಟಿನಲ್ಲಿಯೇ ಇದೆ. 1882ರಲ್ಲಿ ಟೋಕಿಯೊದಲ್ಲಿ ಕೊಡೋಕನ್ ಎಂಬ ಜೂಡೋ ಶಾಲೆ ಆರಂಭಿಸಿದ ಜಿಗೊರೊ ಕಾನೊ, ಪೂರ್ಣ ಬಲದಿಂದ ಮಾಡಿದರೆ ಜೊತೆಗಾರನನ್ನು ಊನಗೊಳಿಸುವಂಥ ಹಳೆಯ ಜುಜುತ್ಸು ಪಟ್ಟುಗಳನ್ನು ಕಾಟಾದಲ್ಲಿ ಉಳಿಸಿಕೊಂಡು, ಮಿಕ್ಕವನ್ನು ರಾಂದೋರಿ ಎಂಬ ಮುಕ್ತ ಅಭ್ಯಾಸಕ್ಕೆ ಬಿಟ್ಟುಕೊಟ್ಟರು. ಮಾರಕವೆನ್ನುವ ಪಟ್ಟನ್ನು ಯಾರ ಮೇಲೂ ಒಮ್ಮೆಯೂ ಪ್ರಯೋಗಿಸಿ ನೋಡದವನಿಗಿಂತ, ಸಾಧಾರಣ ಎಸೆತವೊಂದನ್ನು ವಿರೋಧಿಸುವವನ ಮೇಲೆ ಸಾವಿರ ಸಲ ಹಾಕಿದವನ ಕೈಯೇ ಮೇಲು. ಕೊಡೋಕನ್ನಿನ ಮಿತ್ಸುಯೊ ಮಾಯೆದಾ ಈ ವಿದ್ಯೆಯನ್ನು ಬ್ರೆಜಿಲ್‌ಗೆ ಒಯ್ದರು, ಅಲ್ಲಿನ ಗ್ರೇಸಿ ಮನೆತನ ಕಲಿತುಕೊಂಡಿತು, ಅದೇ ಮನೆತನದ ರಾಯ್ಸ್ ಗ್ರೇಸಿ 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ಒಂದೇ ರಾತ್ರಿ ಮೂವರನ್ನು ಮಣಿಸಿದರು. ಅಂದು ಅವರು ಪಂಜರದೊಳಗೆ ಹೋದದ್ದು ಬಿಳಿಯ ಗಿ (ಜೂಡೋ, ಕರಾಟೆಯವರ ಉಡುಪು) ತೊಟ್ಟುಕೊಂಡೇ. ನಿಮ್ಮ ಮಗನಿಗೆ ಇದನ್ನು ತಪ್ಪದೆ ಹೇಳಿ.

ಉತ್ತರ: ಅಂಧೇರಿಯಿಂದ

ಮೂರು ವರ್ಷಗಳಿಂದ ಆಫೀಸು ಮುಗಿಸಿ ಎಂಎಂಎ ಜಿಮ್ಮಿಗೆ ಹೋಗುತ್ತಿರುವವನಾಗಿ ಒಂದೆರಡು ಮಾತು. ಮೇಲಿನವರಿಬ್ಬರೂ ಕುಸ್ತಿ, ಜೂಡೋಗಳ ಕಡೆಯಿಂದ ಮಾತನಾಡಿದ್ದಾರೆ. ಕರಾಟೆಯ ಪರವಾಗಿ ಯಾರೂ ಬಾಯಿ ಬಿಟ್ಟಿಲ್ಲ. 2009ರಲ್ಲಿ ಯುಎಫ್‌ಸಿಯ ಲೈಟ್ ಹೆವಿವೇಟ್ ಪಟ್ಟ ಗೆದ್ದ ಲಿಯೊಟೊ ಮಚಿಡಾ ತಂದೆಯಿಂದ ಶೋಟೋಕಾನ್ ಶೈಲಿಯ ಕರಾಟೆ ಕಲಿತವರು. ಎಟುಕದಷ್ಟು ದೂರದಲ್ಲಿ ನಿಂತು, ಎದುರಾಳಿ ಕಾಲಿಡುವ ಹೊತ್ತಿಗೆ ಒಳನುಗ್ಗಿ ಹೊಡೆದು ಮತ್ತೆ ದೂರ ಸರಿಯುವ ಅವರ ಲಯ ಕರಾಟೆಯ ಕುಮಿಟೆಯಿಂದ (ಜೋಡಿ ಕಾಳಗದಿಂದ) ಬಂದದ್ದು. 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯೆನಿಸಿದ ಪೂಜಾ ತೋಮರ್ ಚೀನಾದ ಸಮರಕಲೆ ವುಶುವಿನಿಂದ ಬಂದವರು.

ನಿಯಮಗಳು ಅಭ್ಯಾಸವನ್ನು ಹೇಗೆ ರೂಪಿಸುತ್ತವೆ ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2021ರ ಆಗಸ್ಟ್‌ನಲ್ಲಿ ನಡೆದ ಕರಾಟೆಯ 75 ಕಿಲೋ ಮೇಲ್ಪಟ್ಟ ಪುರುಷರ ಫೈನಲ್‌ನಲ್ಲಿ, ಸೌದಿಯ ಸ್ಪರ್ಧಿಯ ಒದೆ ತಲೆಗೆ ಬಿದ್ದು ಇರಾನಿನ ಸಜ್ಜಾದ್ ಗಂಜ್‌ಜಾದೆ ನೆಲಕ್ಕುರುಳಿದರು. ಒದ್ದವರು ಮಿತಿಮೀರಿ ತಾಗಿಸಿದ್ದಕ್ಕಾಗಿ ಅನರ್ಹರಾಗಿ, ಬಿದ್ದವರಿಗೆ ಚಿನ್ನ ಬಂತು. ಪಂಜರದಲ್ಲಿ ಅದೇ ಒದೆಗೆ ಕೈ ಎತ್ತಿಸಿಕೊಳ್ಳುವವರು ಬೇರೆಯವರು. ಹಾಗೆಂದು ಪಂಜರ ನಿಯಮವಿಲ್ಲದ ಜಾಗವೇನೂ ಅಲ್ಲ: ಐದೈದು ನಿಮಿಷದ ಮೂರು ಸುತ್ತು, ಪಟ್ಟದ ಪಂದ್ಯಕ್ಕೆ ಐದು, ಕಣ್ಣಿಗೆ ಚುಚ್ಚುವಂತಿಲ್ಲ, ತಲೆಯ ಹಿಂಭಾಗಕ್ಕೆ ಹೊಡೆಯುವಂತಿಲ್ಲ, ಬೆರಳು ತಿರುಚುವಂತಿಲ್ಲ.

ಟಿವಿ ತೋರಿಸದೆ ಬಿಡುವುದೆಂದರೆ ಬೇಸರ. ಮೊನ್ನೆ ಜಿಮ್ಮಿನಲ್ಲಿ ಒಂದು ಗಂಟೆ ಪೂರ್ತಿ, ಗೋಡೆಗೆ ಒತ್ತಿಹಿಡಿದವನಿಂದ ಒಂದು ಕೈ ಬಿಡಿಸಿಕೊಳ್ಳುವುದನ್ನಷ್ಟೇ ಮಾಡಿದೆವು. ಕಾಟಾ ಬೇಸರವೆಂದು ಬರುವ ಹುಡುಗರು ಇದನ್ನು ಕಂಡು ಎರಡು ವಾರಕ್ಕೇ ಮಾಯವಾಗುತ್ತಾರೆ. ಇನ್ನೊಂದು ಮಾತು: ಹದಿಮೂರಕ್ಕೆ ತಲೆಗೆ ಪೆಟ್ಟು ಬೀಳುವ ಸ್ಪಾರಿಂಗ್ ಖಂಡಿತ ಬೇಡ. ಕುಸ್ತಿಯೋ ಜೂಡೋವೋ ಸೇರಿಸಿ. ಅಲ್ಲಿ ಪೂರ್ಣ ಬಲ ಹಾಕಬಹುದು, ಮುಖಕ್ಕೆ ಗುದ್ದು ಬೀಳುವುದಿಲ್ಲ.

ಡೊಂಬಿವಲಿಯಿಂದ, ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ತರಗತಿಗೆ ಹೋಗಿ ಪುಣೆಯವರ ಪ್ರಶ್ನೆಯನ್ನೇ ಕೇಳಿದೆ. ವಾರದ ಮೂರು ಗಂಟೆಗಳಲ್ಲಿ ಜೋಡಿ ಅಭ್ಯಾಸ ಹತ್ತು ನಿಮಿಷ, ಅದೂ ಪರೀಕ್ಷೆ ಹತ್ತಿರ ಬಂದಾಗ ಇರುವುದಿಲ್ಲವಂತೆ. ಭಾನುವಾರ ಮಗನನ್ನು ಕಲ್ಯಾಣದ ಒಂದು ಜೂಡೋ ತರಗತಿಗೆ ಕರೆದೊಯ್ದಿದ್ದೆ. ಒಂದು ಗಂಟೆ ಬೀಳುವುದನ್ನೇ ಕಲಿಸಿದರು. ಆಮೇಲೆ ಅವನಿಗಿಂತ ಗೇಣು ಕುಳ್ಳಗಿದ್ದ ಹುಡುಗಿಯೊಬ್ಬಳು ಅವನನ್ನು ನಾಲ್ಕು ಸಲ ಎಸೆದಳು. ಲೋಕಲ್‌ನಲ್ಲಿ ಹಿಂತಿರುಗುವಾಗ ಠಾಕುರ್ಲಿ ದಾಟುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ, ಬುಧವಾರವೂ ತರಗತಿ ಇದೆಯೇ ಎಂದು ಕೇಳಿದ. ಕರಾಟೆಯನ್ನು ಬಿಡುವ ಮಾತು ಸದ್ಯಕ್ಕೆ ಎತ್ತಿಲ್ಲ. ತಾಲೀಮನ್ನೂ ನೋಡುವ ಆಸೆಯಿದೆ, ಆದರೆ ಲಂಗೋಟಿ ಕಡ್ಡಾಯವೇ ಎಂದು ವಿಚಾರಿಸಲು ಹೇಳಿದ್ದಾನೆ.

ಪುಣೆಯಿಂದ

ಮಣ್ಣಿನಲ್ಲಿ ಕಡ್ಡಾಯ. ಮ್ಯಾಟಿನ ಮೇಲಾದರೆ ಚಡ್ಡಿ ನಡೆಯುತ್ತದೆ.